ಹದಿಮೂರನೇ ಪ್ಲೇಟಿನ ಬಾಲ

ಹೋದ ಜನವರಿಯಲ್ಲಿ ಫಿಲಡೆಲ್ಫಿಯಾ ಹತ್ತಿರದ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಈ ಚಿತ್ರ ಸಿಕ್ಕಿತು. ಗೋಡೆಗೆ ಒರಗಿಸಿಟ್ಟ ಫ್ರೇಮುಗಳಲ್ಲಿ ಕಟ್ಟಕಡೆಯದು. ಗಾಜಿನ ಹಿಂದೆ ಹಳದಿ ತಿರುಗಿದ ಹಾಳೆ. ನೀರಿನ ದಡದಲ್ಲಿ ಎರಡು ಕಂದು ಪ್ರಾಣಿಗಳು. ಮೈಮೇಲಿನ ಕೂದಲನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ಚೆನ್ನಾಗಿದೆ. ಆದರೆ ಒಂದರ ಬಾಲದ ತುದಿ ಮಾತ್ರ ಬೇರೆ ಯಾರದೋ ಕೈ. ಹರಿದ ಜಾಗಕ್ಕೆ ಕಾಗದದ ತೇಪೆ ಹಾಕಿ, ಅದರ ಮೇಲೆ ತೆಳ್ಳಗೆ, ದುಂಡಗೆ, ಬಣ್ಣದ ಪೆನ್ಸಿಲಿನಲ್ಲಿ ಎಳೆದದ್ದು. ಮನೆಯ ಇಲಿಗೆ ಇರುವಂಥ ಬಾಲ.

40 ಡಾಲರ್ ಕೊಟ್ಟು ತಂದೆ. ರಿಪೇರಿ ಮುಗಿಯಲು ಮೇ ತಿಂಗಳಾಯಿತು, ಅದೂ ಶನಿವಾರ ಭಾನುವಾರ ಮಾತ್ರ ಕೂತು. ಏನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ. ತಾತನ ಕಾಲದ ಪಟ, ಹಳೇ ಕ್ರಯಪತ್ರ, ಜಾತಕ ಇಂಥವು ಮನೆಯಲ್ಲಿ ಇಟ್ಟುಕೊಂಡವರಿಗೂ ಇದರಲ್ಲಿ ಕೆಲವು ವಿಷಯ ಕೆಲಸಕ್ಕೆ ಬರುತ್ತವೆ.

ಯಾವ ಹಾಳೆ ಇದು

ಚಿತ್ರದ ಮೇಲೆ ಒಂದು ಮೂಲೆಯಲ್ಲಿ ‘ನಂ. 3’ ಅಂತ ಇದೆ. ಇನ್ನೊಂದು ಮೂಲೆಯಲ್ಲಿ ರೋಮನ್ ಅಂಕಿಯಲ್ಲಿ ಪ್ಲೇಟ್ 13. ಕೆಳಗೆ ಪ್ರಾಣಿಯ ಹೆಸರು: ಮಸ್ಕ್‌ರಾಟ್, ಮಸ್ಕ್ವಾಶ್. ಇನ್ನೂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಮುದ್ರಣ ಮತ್ತು ಬಣ್ಣ ಜೆ. ಟಿ. ಬೋವೆನ್, ಫಿಲಡೆಲ್ಫಿಯಾ ಅಂತ.

ಇದು ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಅವರ ಉತ್ತರ ಅಮೆರಿಕದ ಪ್ರಾಣಿಗಳ ಪುಸ್ತಕದ ಹಾಳೆ. ಹಕ್ಕಿಗಳ ದೊಡ್ಡ ಪುಸ್ತಕ ಮುಗಿಸಿದ ಮೇಲೆ ಅವರು ನಾಲ್ಕು ಕಾಲಿನ ಪ್ರಾಣಿಗಳ ಕೆಲಸ ಹಿಡಿದರು. 1845ರಿಂದ 1848ರ ನಡುವೆ 150 ಚಿತ್ರಗಳು ಹೊರಬಂದವು. ಒಂದೊಂದು ಹಾಳೆ 22 ಇಂಚು ಅಗಲ, 28 ಇಂಚು ಉದ್ದ. ಐದೈದು ಚಿತ್ರಗಳ ಕಂತು ಮಾಡಿ ಚಂದಾದಾರರಿಗೆ ಕಳಿಸುತ್ತಿದ್ದರು. ಹಾಗಾಗಿ ಹದಿಮೂರನೇ ಚಿತ್ರ ಮೂರನೇ ಕಂತಿಗೆ ಬರುತ್ತದೆ. ಬರಹದ ಭಾಗ ಹೆಚ್ಚಾಗಿ ಚಾರ್ಲ್ಸ್‌ಟನ್ ಊರಿನ ಪಾದ್ರಿ ಜಾನ್ ಬಾಕ್‌ಮನ್ ಅವರದು. ಆಡುಬಾನರ ಇಬ್ಬರು ಗಂಡುಮಕ್ಕಳು ಬಾಕ್‌ಮನ್‌ರ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾಗಿದ್ದರು. ಅಂದರೆ ಇದು ಇಬ್ಬರು ಬೀಗರು ಸೇರಿ ಮಾಡಿದ ಪುಸ್ತಕ. ಹೆಚ್ಚುಕಡಿಮೆ ಅರ್ಧದಷ್ಟು ಚಿತ್ರ ಬರೆದದ್ದು ಕಿರಿಮಗ ಜಾನ್ ವುಡ್‌ಹೌಸ್. ಹಿರಿಮಗ ವಿಕ್ಟರ್ ಹಿನ್ನೆಲೆ ಬರೆಯುತ್ತಾ ವ್ಯವಹಾರವನ್ನೂ ನೋಡಿಕೊಂಡರು.

ದೊಡ್ಡ ಹಾಳೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಅದಕ್ಕೇ 1849ರಿಂದ 1854ರವರೆಗೆ ಸಣ್ಣ ಆವೃತ್ತಿ ತಂದರು. ಮೂರು ಸಂಪುಟ, 155 ಚಿತ್ರ. ನನ್ನ ಹತ್ತಿರ ಇರುವುದು ಆ ಸಣ್ಣ ಅಳತೆಯದು, ಸುಮಾರು 7 ಇಂಚು × 10.5 ಇಂಚು. ಎಡ ಅಂಚಿನಲ್ಲಿ ಸಾಲಾಗಿ ಹೊಲಿಗೆಯ ತೂತುಗಳಿವೆ. ಯಾವತ್ತೋ ಪುಸ್ತಕದಿಂದ ಬಿಡಿಸಿದ್ದಾರೆ.

ಇದು ಕಲ್ಲಚ್ಚಿನ ಕೆಲಸ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಶಾಯಿ ಹಚ್ಚಿದರೆ, ಜಿಡ್ಡು ಇರುವಲ್ಲಿ ಮಾತ್ರ ಶಾಯಿ ಕೂರುತ್ತದೆ. ನಮ್ಮ ಊರಿನ ಮನೆಯ ದೇವರ ಕೋಣೆಯಲ್ಲಿದ್ದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಪಟವೂ ಕಲ್ಲಚ್ಚೇ. ಆದರೆ ಅದರಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಬೋವೆನ್ ಕಾರ್ಖಾನೆಯಿಂದ ಬಂದ ಈ ಹಾಳೆಯಲ್ಲಿ ಅಚ್ಚಾದದ್ದು ಕಪ್ಪು ಮಾತ್ರ. ಕಂದು, ಹಸಿರು, ನೀರಿನ ನೀಲಿ ಎಲ್ಲ ಆಮೇಲೆ ಕುಂಚದಲ್ಲಿ ಹಚ್ಚಿದ್ದು. ಒಂದೊಂದು ಹಾಳೆಗೂ ಕೈಯಲ್ಲೇ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟು ನೋಡಿದೆ. ಈಗಿನ ಮುದ್ರಣದ ಚುಕ್ಕಿಗಳ ಸಾಲು ಎಲ್ಲೂ ಇಲ್ಲ. ಕಲ್ಲಿನ ಮೇಲೆ ಕಡ್ಡಿ ಉಜ್ಜಿದ ತರಿತರಿ ಮಾತ್ರ ಕಂಡಿತು. ಒಂದು ಕಡೆ ಹಸಿರು ಬಣ್ಣ ಗೆರೆ ದಾಟಿ ಅರ್ಧ ಮಿಲಿಮೀಟರ್ ಆಚೆ ಹೋಗಿದೆ. ಆ ಕುಂಚ ಹಿಡಿದವರ ಹೆಸರು ಹಾಳೆಯ ಮೇಲೆ ಎಲ್ಲೂ ಇಲ್ಲ. ಗೆರೆ ದಾಟಿದ ಆ ಹಸಿರು ನನಗೆ ಅವರ ಸಹಿಯ ಹಾಗೆ ಕಂಡಿತು.

ಈ ಪ್ರಾಣಿ ಇಲಿಯಲ್ಲ

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಮಸ್ಕ್‌ರಾಟ್ ಅಂದ್ರೆ ಸುಂಡಿಲಿ ಅಲ್ವೇನೋ? ಸುಂಡಿಲಿ ಚಿತ್ರಕ್ಕೆ ಯಾಕೋ ಅಷ್ಟು ದುಡ್ಡು ಕೊಟ್ಟೆ?” ಅಂದರು. ಅಮ್ಮನದು ತಪ್ಪಲ್ಲ. ಭಾರತದಲ್ಲಿದ್ದ ಇಂಗ್ಲಿಷರು ನಮ್ಮ ಸುಂಡಿಲಿಯನ್ನೇ ಮಸ್ಕ್ ರಾಟ್ ಅಂತ ಕರೆಯುತ್ತಿದ್ದರು, ಅದರ ವಾಸನೆಗೆ. ಸುಂಡಿಲಿಯಂತೂ ದಂಶಕವೇ (ಇಲಿ, ಅಳಿಲುಗಳ ಗುಂಪು) ಅಲ್ಲ, ಹುಳ ತಿನ್ನುವ ಬೇರೆ ಗುಂಪಿನದು.

ಅಮೆರಿಕದ ಮಸ್ಕ್‌ರಾಟ್ ದಂಶಕ ಹೌದು. ಆದರೆ ಮನೆಯ ಇಲಿಗಿಂತ ವೋಲ್ ಅನ್ನುವ ಹುಲ್ಲುಗಾವಲಿನ ಮೋಟು ಪ್ರಾಣಿಗಳಿಗೆ ಹತ್ತಿರದ ನೆಂಟ. ತೂಕ ಒಂದು ಕಿಲೋ ಆಸುಪಾಸು, ಕೆಲವು ಒಂದೂವರೆ ಕಿಲೋ ದಾಟುತ್ತವೆ. ಜೌಗಿನಲ್ಲಿ, ಕೆರೆಯಲ್ಲಿ, ನಿಧಾನ ಹರಿಯುವ ತೊರೆಯಲ್ಲಿ ವಾಸ. ಜೊಂಡು ಕಡಿದು ರಾಶಿ ಹಾಕಿ ಅದರೊಳಗೆ ಮನೆ ಮಾಡುತ್ತದೆ, ಇಲ್ಲವೇ ದಡದಲ್ಲಿ ಬಿಲ ತೋಡುತ್ತದೆ. ಬಿಲದ ಬಾಗಿಲು ನೀರಿನ ಕೆಳಗೆ. ಮುಂದಿನ ಹಲ್ಲುಗಳ ಹಿಂದೆ ತುಟಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ನೀರಿನೊಳಗೇ ಗೆಡ್ಡೆ ಕಡಿಯಬಹುದು, ಬಾಯಿಗೆ ನೀರು ನುಗ್ಗುವುದಿಲ್ಲ. ಹತ್ತು ಹದಿನೈದು ನಿಮಿಷ ಮುಳುಗಿರಬಲ್ಲದು.

ಮಸ್ಕ್ವಾಶ್ ಅನ್ನುವುದು ಉತ್ತರ ಅಮೆರಿಕದ ಮೂಲನಿವಾಸಿಗಳಾದ ಆಲ್ಗಾಂಕಿಯನ್ ಜನರ ಮಾತಿನಿಂದ ಬಂದ ಹೆಸರು. ಇಂಗ್ಲಿಷರ ಕಿವಿಗೆ ಅದು ಮಸ್ಕ್ (ಕಸ್ತೂರಿ) ಮತ್ತು ರಾಟ್ (ಇಲಿ) ಆಗಿ ಕೇಳಿತು. ವಾಸನೆಯೂ ಇತ್ತು, ಇಲಿಯ ರೂಪವೂ ಇತ್ತು, ಹೆಸರು ಅಂಟಿಕೊಂಡಿತು. ಈಗಿನ ವೈಜ್ಞಾನಿಕ ಹೆಸರಿನ ಮೊದಲ ಭಾಗ ಒಂಡಾಟ್ರಾ. ಅದು ಅಲ್ಲಿನ ಇನ್ನೊಂದು ಮೂಲನಿವಾಸಿ ಗುಂಪಾದ ಹ್ಯೂರಾನ್ ಜನರ ಪದ.

ಮುಖ್ಯವಾದದ್ದು ಬಾಲ. ಬೀವರ್ ಅನ್ನುವ ಇನ್ನೊಂದು ನೀರುಪ್ರಾಣಿಯ ಬಾಲ ರೊಟ್ಟಿಯ ಹಾಗೆ ಮೇಲಿಂದ ಕೆಳಕ್ಕೆ ಚಪ್ಪಟೆ. ಮಸ್ಕ್‌ರಾಟಿನದು ಎರಡೂ ಪಕ್ಕದಿಂದ ಒತ್ತಿದ ಹಾಗೆ. ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿದರೆ ಹೇಗೋ ಹಾಗೆ. ಪಕ್ಕದಿಂದ ನೋಡಿದರೆ ಅಗಲ, ಮೇಲಿಂದ ನೋಡಿದರೆ ತೆಳು ಪಟ್ಟಿ. ಬಾಲದ ಮೇಲೆ ಕೂದಲಿಲ್ಲ ಅನ್ನಬಹುದು, ಸಣ್ಣ ಹುರುಪೆಗಳು. ತೇಪೆ ಹಾಕಿದವರಿಗೆ ಇದು ಗೊತ್ತಿರಲಿಲ್ಲ. ಹೆಸರಿನಲ್ಲಿ ಇಲಿ ಅಂತ ಇತ್ತು, ಇಲಿಯ ಬಾಲ ಬರೆದರು.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಗಿ ಬೆರಗಾಯಿತು. ದುಂಡು ಬಾಲದ ಮಸ್ಕ್‌ರಾಟ್ ಅಂತಲೂ ಒಂದು ಇದೆ. ಫ್ಲೋರಿಡಾದಲ್ಲಿ, ಅದರ ಪಕ್ಕದ ಜಾರ್ಜಿಯಾದ ದಕ್ಷಿಣ ತುದಿಯಲ್ಲಿ ಮಾತ್ರ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 1884ರಲ್ಲಿ. ಆಡುಬಾನ್ ತೀರಿಕೊಂಡದ್ದು 1851ರಲ್ಲಿ. ತೇಪೆ ಹಾಕಿದವರು ಅವರಿಗೇ ಗೊತ್ತಿಲ್ಲದೆ ಈ ಪ್ರಾಣಿಯನ್ನು ಇನ್ನೊಂದು ಪ್ರಾಣಿಯ ಕಡೆಗೆ ತಿರುಗಿಸಿಬಿಟ್ಟಿದ್ದರು.

ಫ್ರೇಮ್ ಬಿಚ್ಚಿದ್ದು

ಹಿಂದಿನ ಕಂದು ಕಾಗದ ಮುಟ್ಟಿದರೆ ಪುಡಿಯಾಗುತ್ತಿತ್ತು. ತುಕ್ಕು ಹಿಡಿದ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಎಳೆದೆ. ಒಳಗೆ ರಟ್ಟು, ರಟ್ಟಿನ ಮೇಲೆ ಹಾಳೆ, ಹಾಳೆಯ ಮೇಲೆ ಕಿಟಕಿಯ ಹಾಗೆ ಕತ್ತರಿಸಿದ ಮೌಂಟ್ ಬೋರ್ಡು. ಎರಡೂ ಅಗ್ಗದ ಮರದ ತಿರುಳಿನವು. ಅಂಥ ರಟ್ಟಿನಲ್ಲಿ ಆಮ್ಲ ಇರುತ್ತದೆ. ಅದು ಪಕ್ಕದ ಕಾಗದಕ್ಕೆ ಇಳಿದು ಸುಡುತ್ತದೆ. ಕಿಟಕಿಯ ಅಂಚು ಮುಟ್ಟಿದ ಜಾಗದಲ್ಲೆಲ್ಲ ಹಾಳೆಯ ಮೇಲೆ ಕಂದು ಚೌಕಟ್ಟು ಬಿದ್ದಿತ್ತು.

ಹಾಳೆ ಹೊರಗೆ ಬಂದ ಮೇಲೆ ಟೇಬಲ್ ಲ್ಯಾಂಪನ್ನು ಪಕ್ಕದಿಂದ ಹಿಡಿದು ನೋಡಿದೆ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ಅಂಚಿನಿಂದ ಶುರುವಾಗಿ ಬಾಲದವರೆಗೆ ಏಳು ಸೆಂಟಿಮೀಟರ್ ಉದ್ದದ ಹರಕು. ಅದರ ಬೆನ್ನಿಗೆ ಮೂರು ತುಂಡು ಸೆಲೋಟೇಪ್, ಜೇನಿನ ಬಣ್ಣಕ್ಕೆ ತಿರುಗಿದೆ. ಮೇಲಿನ ಅಂಚಿಗೆ ಉದ್ದಕ್ಕೂ ಮಾಸ್ಕಿಂಗ್ ಟೇಪ್. ಹರಕಿನ ಕೊನೆಯಲ್ಲಿ, ಮುಂಬದಿಗೆ, ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡ ಬಿಳಿ ಕಾಗದದ ತೇಪೆ. ಆ ಇಲಿ ಬಾಲ ಇರುವುದು ಅದರ ಮೇಲೆ. ಅಲ್ಲಲ್ಲಿ ಕಂದು ಚುಕ್ಕಿ ಬಿದ್ದಿದೆ. ತೇವ ಕುಡಿದ ಹಳೇ ಕಾಗದಕ್ಕೆ ಹೀಗಾಗುತ್ತದೆ.

ಯಾವುದನ್ನೂ ಮುಟ್ಟುವ ಮೊದಲು ಮುಂದೆ, ಹಿಂದೆ, ಓರೆ ಬೆಳಕಿನಲ್ಲಿ ಫೋಟೋ ತೆಗೆದೆ. ದಯವಿಟ್ಟು ಇದನ್ನು ಬಿಡಬೇಡಿ. ಆಮೇಲೆ ನೆನಪು ಕೈಕೊಡುತ್ತದೆ.

ಧೂಳು, ನೀರು, ಟೇಪು

ಮೊದಲು ಮೃದು ಕುಂಚದಿಂದ ಧೂಳು ಗುಡಿಸಿದೆ. ಅಂಚುಗಳನ್ನು ಮಸಿ ತೆಗೆಯುವ ರಬ್ಬರ್ ಸ್ಪಂಜಿನಿಂದ ಒತ್ತಿ ಒತ್ತಿ ತೆಗೆದೆ, ಉಜ್ಜಲಿಲ್ಲ. ಸ್ಪಂಜು ಇದ್ದಿಲಿನ ಹಾಗೆ ಕಪ್ಪಾಯಿತು. ಬಣ್ಣ ಇರುವ ಜಾಗಕ್ಕೆ ಸ್ಪಂಜು ತಾಕಿಸಲೇ ಇಲ್ಲ.

ಮುಂದಿನ ಪ್ರಶ್ನೆ ನೀರಿನದು. ಬರಿಯ ಕಪ್ಪು ಅಚ್ಚಿನ ಹಾಳೆಯಾಗಿದ್ದರೆ ತೊಟ್ಟಿಯಲ್ಲಿ ನೀರು ತುಂಬಿ ಮುಳುಗಿಸಿ ತೊಳೆಯಬಹುದಿತ್ತು. ಅರ್ಧ ಹಳದಿ ನೀರಿಗೇ ಇಳಿದುಹೋಗುತ್ತದೆ. ಇಲ್ಲಿ ಕೈಬಣ್ಣ ಇದೆ. ಪರೀಕ್ಷೆ ಮಾಡಲೇಬೇಕು. ತೆಳ್ಳನೆಯ ಕುಂಚದ ತುದಿಯಲ್ಲಿ ಒಂದು ಹನಿ ಡಿಸ್ಟಿಲ್ಡ್ ನೀರು ಇಟ್ಟು, ಅರ್ಧ ನಿಮಿಷ ಬಿಟ್ಟು, ಬ್ಲಾಟಿಂಗ್ ಪೇಪರಿನ ಮೂಲೆಯಿಂದ ಒತ್ತಿದೆ. ನೀಲಿ ಬಿಡಲಿಲ್ಲ. ಹಸಿರು ಬಿಡಲಿಲ್ಲ. ತುಪ್ಪಳದ ಗಾಢ ಕಂದಿನ ಹತ್ತಿರ ಬಂದಾಗ ಬ್ಲಾಟಿಂಗ್ ಪೇಪರಿಗೆ ಚಹಾದ ಕಲೆಯಂತೆ ಬಣ್ಣ ಬಂತು. ಕಾರಣ ಭೂತಗನ್ನಡಿಯಲ್ಲಿ ಆಗಲೇ ಕಂಡಿತ್ತು. ಕಣ್ಣು, ಮೂಗು, ಬೆನ್ನಿನ ನೆರಳಿನ ಮೇಲೆ ಸಣ್ಣ ಹೊಳಪು. ಬಣ್ಣಕ್ಕೆ ಗೋಂದು ಜಾಸ್ತಿ ಸೇರಿಸಿ ಕೊನೆಯಲ್ಲಿ ಹಚ್ಚಿದ್ದು. ತುಪ್ಪಳ ಒದ್ದೆಯಾಗಿರುವಂತೆ ಕಾಣಲಿ ಅಂತ. ಗೋಂದು ನೀರಿನಲ್ಲಿ ಕರಗುತ್ತದೆ. ತೊಟ್ಟಿಗೆ ಹಾಕಿದ್ದರೆ ಆ ಹೊಳಪು ಒಂದೇ ನಿಮಿಷದಲ್ಲಿ ಹೋಗುತ್ತಿತ್ತು.

ಹಾಗಾಗಿ ತೊಳೆಯುವ ಯೋಚನೆ ಅಲ್ಲಿಗೇ ಬಿಟ್ಟೆ. ಬ್ಲೀಚ್ ಹಾಕಿ ಬೆಳ್ಳಗೆ ಮಾಡಬಹುದು ಅಂತ ಕೆಲವರು ಹೇಳುತ್ತಾರೆ. ಬೇಡ. ಚುಕ್ಕಿಯ ಜೊತೆಗೆ ಕಾಗದದ ನಾರೂ ಸಾಯುತ್ತದೆ, ಬಣ್ಣವೂ ಹೋಗುತ್ತದೆ. ಕಂದು ಚುಕ್ಕಿಗಳೂ ಆ ಸುಟ್ಟ ಚೌಕಟ್ಟೂ ಇವತ್ತಿಗೂ ಹಾಗೇ ಇವೆ.

ಟೇಪು ತೆಗೆಯಲು ಎರಡು ವಾರಾಂತ್ಯ ಬೇಕಾಯಿತು. ತೆಳು ಲೋಹದ ಪಟ್ಟಿಯನ್ನು ಸ್ವಲ್ಪ ಬಿಸಿ ಮಾಡಿ, ಟೇಪಿನ ಮೇಲೆ ಮೆಲ್ಲಗೆ ಇಟ್ಟು, ಪ್ಲಾಸ್ಟಿಕ್ ಪದರವನ್ನು ಹಾಳೆಗೆ ಒರಗಿದ ಕೋನದಲ್ಲೇ ಹಿಂದಕ್ಕೆ ಮಡಿಸುತ್ತಾ ಎಳೆಯಬೇಕು. ಮೇಲಕ್ಕೆ ಎತ್ತಿ ಎಳೆದರೆ ಕಾಗದದ ಸಿಪ್ಪೆಯೂ ಬರುತ್ತದೆ. ಉಳಿದ ಅಂಟನ್ನು ಕ್ರೇಪ್ ರಬ್ಬರಿನಲ್ಲಿ ಉಂಡೆ ಉಂಡೆಯಾಗಿ ಎತ್ತಿದೆ. ಒಂದು ಸೆಂಟಿಮೀಟರಿಗೆ ಹತ್ತು ನಿಮಿಷ. ಹಳದಿ ಕಲೆ ಹೋಗಲಿಲ್ಲ, ಅದು ನಾರಿನೊಳಗೆ ಇಳಿದಿದೆ. ಆದರೆ ಜಿಗುಟು ಹೋಯಿತು. ಇನ್ನು ಮುಂದೆ ಅದು ಧೂಳು ಹಿಡಿಯುವುದಿಲ್ಲ, ಪಕ್ಕದ ಹಾಳೆಗೆ ಅಂಟುವುದಿಲ್ಲ.

ತೇಪೆ

ಇದೇ ಈ ಕೆಲಸದ ಹೃದಯ. ಭಯವಿದ್ದದ್ದೂ ಇಲ್ಲೇ.

ಮೊದಲು ಅಂಟು ಯಾವುದು ಅಂತ ತಿಳಿಯಬೇಕು. ಬಿಳಿ ಫೆವಿಕಾಲ್ ಥರದ್ದಾಗಿದ್ದರೆ ನನ್ನಂಥವರು ಮುಟ್ಟಬಾರದು. ತೇಪೆಯ ಮೂಲೆಯಿಂದ ಉಗುರಿನ ಧೂಳಿನಷ್ಟು ಅಂಟು ಕೆರೆದು ಬೇರೆ ಬಿಳಿ ಕಾಗದದ ಮೇಲೆ ಹಾಕಿದೆ. ಅದರ ಮೇಲೆ ಒಂದು ಹನಿ ಟಿಂಚರ್ ಅಯೋಡಿನ್. ಹೈಸ್ಕೂಲಿನಲ್ಲಿ ಆಲೂಗಡ್ಡೆ ಹೋಳಿನ ಮೇಲೆ ಹಾಕಿದ್ದು ನೆನಪಿದೆಯಲ್ವಾ? ಅದೇ ಪರೀಕ್ಷೆ. ಕ್ಷಣದಲ್ಲಿ ನೀಲಿಗಪ್ಪಾಯಿತು. ಪಿಷ್ಟ. ಹಿಟ್ಟಿನ ಅಂಟು. ಹೋದ ಜೀವ ಬಂದಂತಾಯಿತು, ಯಾಕೆಂದರೆ ಹಿಟ್ಟಿನ ಅಂಟು ತೇವಕ್ಕೆ ಸಡಿಲುತ್ತದೆ.

ಆದರೆ ತೇಪೆಯ ಕೆಳಗೆ ಕಂದು ಬಣ್ಣ ಇರಬಹುದು. ತೇವ ಅದಕ್ಕೂ ತಾಕುತ್ತದೆ. ಆದ್ದರಿಂದ ಮೊದಲು ಒಣಗಿದ್ದಾಗಲೇ, ಮೊಂಡಾದ ಬ್ಲೇಡಿನಿಂದ ತೇಪೆಯ ಮೇಲ್ಪದರವನ್ನು ಕೆರೆದು ತೆಳು ಮಾಡಿದೆ. ಆಮೇಲೆ ಮೀಥೈಲ್ ಸೆಲ್ಯುಲೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಲೋಳೆ ಮಾಡಿದೆ. ಲೋಳೆಸರದ ತಿರುಳಿನಷ್ಟು ಗಟ್ಟಿ. ನೀರು ಬಿಟ್ಟರೆ ಹರಡುತ್ತದೆ, ಲೋಳೆ ಇಟ್ಟಲ್ಲೇ ಕೂತು ತೇವವನ್ನು ನಿಧಾನ ಬಿಡುತ್ತದೆ. ಅದನ್ನು ತೇಪೆಯ ಒಂದು ಅಂಚಿಗೆ ಮಾತ್ರ ಹಚ್ಚಿ ಇಪ್ಪತ್ತು ನಿಮಿಷ ಕಾದೆ.

ಇಪ್ಪತ್ತು ನಿಮಿಷ ಜಾಸ್ತಿಯಾಯಿತು. ಅಂಚು ಎತ್ತಿದಾಗ ತೇಪೆಯ ಅಡಿಗೆ ಮೂರು ಮಿಲಿಮೀಟರಿನಷ್ಟು ಕಂದು ಬಣ್ಣ ಅಂಟಿಕೊಂಡು ಬಂದಿತ್ತು. ನೂರೈವತ್ತಕ್ಕೂ ಹೆಚ್ಚು ವರ್ಷ ಉಳಿದು ಬಂದ ಬಣ್ಣ. ಅವತ್ತು ಲ್ಯಾಂಪ್ ಆರಿಸಿ ಎದ್ದುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಸರಳ: ಲೋಳೆ ತೆಳುವಾಗಿತ್ತು, ಹೊತ್ತು ಹೆಚ್ಚಾಯಿತು.

ಮುಂದಿನ ವಾರ ಲೋಳೆಯನ್ನು ಇನ್ನೂ ಗಟ್ಟಿ ಮಾಡಿದೆ. ಐದು ನಿಮಿಷ ಇಡುವುದು, ತೆಗೆಯುವುದು, ಎಷ್ಟು ಸಡಿಲಿದೆಯೋ ಅಷ್ಟೇ ಎತ್ತುವುದು, ಒಣಗಲು ಬಿಡುವುದು. ಒಂದು ಸಲಕ್ಕೆ ಎರಡು ಮಿಲಿಮೀಟರ್. ಹೀಗೆ ಮೂರು ಭಾನುವಾರ. ಬಣ್ಣ ಮತ್ತೆ ಬರಲಿಲ್ಲ.

ತೇಪೆ ಪೂರ್ತಿ ಎದ್ದಾಗ ಅದರ ಕೆಳಗೆ ಮೂಲ ಬಾಲ ಇತ್ತು. ಪೂರ್ತಿಯಲ್ಲ. ಆದರೆ ನಾನು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಹರಿದು ಹೋದ ಜಾಗ ಸಣ್ಣದು, ಹನ್ನೊಂದು ಮಿಲಿಮೀಟರ್ ಉದ್ದ, ಏಳು ಅಗಲ. ತೇಪೆ ಅದರ ಸುತ್ತ ಬೆರಳಗಲ ಒಳ್ಳೆಯ ಚಿತ್ರವನ್ನೂ ಮುಚ್ಚಿತ್ತು. ಗಾಳಿ ಬೆಳಕು ತಾಗದೆ ಆ ಭಾಗದ ಕಂದು ಬೇರೆಲ್ಲ ಕಡೆಗಿಂತ ಹೊಸದಾಗಿ ಉಳಿದಿತ್ತು. ಕಲ್ಲಿನ ಮೇಲೆ ಕಡ್ಡಿಯಿಂದ ಇಟ್ಟ ಸಣ್ಣ ಸಣ್ಣ ಅಡ್ಡಗೆರೆಗಳು, ಹುರುಪೆಗಳು. ಮೇಲಂಚು, ಕೆಳಂಚು ಬೇರೆ ಬೇರೆ. ನಡುವೆ ಒಂದು ಮಸುಕು ನೆರಳು. ಅಗಲವಾದ, ಪಕ್ಕದಿಂದ ಚಪ್ಪಟೆಯಾದ ಬಾಲ. ಚಿತ್ರ ಬರೆದವರು ಸತ್ತ ಪ್ರಾಣಿಯನ್ನಾದರೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿದ್ದರು ಅನ್ನುವುದು ಆ ನೆರಳಿನಲ್ಲೇ ಗೊತ್ತಾಗುತ್ತದೆ.

ಟಿನಿಕಮ್

ಮುಂದಿನ ಕೆಲಸಕ್ಕೆ ಮೊದಲು ಜೀವಂತ ಪ್ರಾಣಿಯನ್ನು ನೋಡಬೇಕು ಅನ್ನಿಸಿತು. ಫಿಲಡೆಲ್ಫಿಯಾ ವಿಮಾನ ನಿಲ್ದಾಣದ ಪಕ್ಕದಲ್ಲೇ ಟಿನಿಕಮ್ ಜೌಗು ಇದೆ. ಜಾನ್ ಹೈಂಜ್ ವನ್ಯಜೀವಿ ಧಾಮ ಅಂತ ಹೆಸರು. ಪೆನ್ಸಿಲ್ವೇನಿಯಾದಲ್ಲಿ ಉಳಿದಿರುವ ಸಿಹಿನೀರಿನ, ಉಬ್ಬರವಿಳಿತದ ಜೌಗುಗಳಲ್ಲಿ ದೊಡ್ಡದು ಅದೇ. ಒಂದು ಕಡೆ ಡಾರ್ಬಿ ಕ್ರೀಕ್, ಇನ್ನೊಂದು ಕಡೆ ದೊಡ್ಡ ಕೊಳ. ಮಾರ್ಚ್‌ನಲ್ಲಿ ಜೊಂಡು ಒಣಗಿ ಬಿದ್ದಿರುತ್ತದೆ, ಹಾಗಾಗಿ ದೂರದವರೆಗೆ ಕಾಣುತ್ತದೆ.

ಮಗಳನ್ನೂ ಕರೆದುಕೊಂಡು ಹೋದೆ. ಮೊದಲ ಸಂಜೆ ಬಾತುಕೋಳಿ ಬಿಟ್ಟು ಏನೂ ಇಲ್ಲ. ಎರಡನೇ ಸಲ, ಸೂರ್ಯ ಮುಳುಗುವ ಹೊತ್ತಿಗೆ, ನೀರಿನ ಮೇಲೆ ಒಂದು ಸಣ್ಣ ತಲೆ. ಹಿಂದೆ ಅಗಲವಾಗುತ್ತಾ ಹೋಗುವ ಅಲೆ. “ಅಪ್ಪಾ, ಬಾಲ ನೋಡು, ಹಾವಿನ ಥರ!” ಅಂತ ಮಗಳೇ ಮೊದಲು ಹೇಳಿದಳು. ಹೌದು, ಬಾಲ ಎಡಕ್ಕೆ ಬಲಕ್ಕೆ ತೂಗುತ್ತಿತ್ತು. ದೋಣಿಯ ಹಿಂದೆ ಕೂತವನು ಒಂದೇ ಹುಟ್ಟನ್ನು ಆ ಕಡೆ ಈ ಕಡೆ ಆಡಿಸುವ ಹಾಗೆ. ದಡ ಹತ್ತಿ ಎರಡು ಕೈಯಲ್ಲಿ ಜೊಂಡಿನ ಬುಡ ಹಿಡಿದು ಕಬ್ಬು ತಿನ್ನುವಂತೆ ತಿಂದಿತು. ಹದಿನೈದು ಹೆಜ್ಜೆ ದೂರ. ತಿಂದು ಮುಗಿಸಿ, ಸದ್ದಿಲ್ಲದೆ ಮುಳುಗಿ ಹೋಯಿತು. ತುಪ್ಪಳದ ಮೇಲೆ ಚಿತ್ರದಲ್ಲಿದ್ದ ಅದೇ ಹೊಳಪು.

ಅಂಟು ಕಾಯಿಸಿದ್ದು

ಹರಕು ಸೇರಿಸಲು ಗೋಧಿ ಪಿಷ್ಟದ ಅಂಟು ಮತ್ತು ಕೋಜೋ ನಾರಿನ ಜಪಾನಿ ಕಾಗದ ಬೇಕು. ಚಿಕ್ಕಂದಿನಲ್ಲಿ ಆಕಾಶಬುಟ್ಟಿಗೆ, ಪಟ್ಟಿ ಪುಸ್ತಕದ ಬೈಂಡಿಗೆ ಅಮ್ಮ ಮೈದಾ ಕುದಿಸಿ ಅಂಟು ಮಾಡುತ್ತಿದ್ದರು. ಹುಳ ಬರಬಾರದು ಅಂತ ಬೈಂಡಿಂಗ್ ಅಂಗಡಿಯವರು ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಎರಡೂ ಇಲ್ಲಿಗೆ ಆಗದು. ಮೈದಾದಲ್ಲಿ ಗೋಧಿಯ ಜಿಗುಟು ಪ್ರೋಟೀನ್ ಇದೆ, ಅದು ಹಳದಿಯಾಗುತ್ತದೆ, ಗಡುಸಾಗುತ್ತದೆ, ಹುಳವನ್ನು ಕರೆಯುತ್ತದೆ. ಮೈಲುತುತ್ತದಲ್ಲಿ ತಾಮ್ರ ಇದೆ, ಅದು ಕಾಗದವನ್ನು ತಿನ್ನುತ್ತದೆ. ಬೇಕಾಗಿರುವುದು ಜಿಗುಟು ತೊಳೆದು ತೆಗೆದ ಶುದ್ಧ ಪಿಷ್ಟ. ಹಾಲುಬಾಯಿಗೆ ಗೋಧಿ ನೆನೆಸಿ, ರುಬ್ಬಿ, ಹಿಂಡಿ ತೆಗೆಯುವ ಹಾಲಿನ ತಳದಲ್ಲಿ ನಿಲ್ಲುವ ಬಿಳಿ ಗಷ್ಟು ಇದೆಯಲ್ಲ, ಹೆಚ್ಚುಕಡಿಮೆ ಅದೇ. ಅಮ್ಮನಿಗೆ ಹೀಗೆ ಹೇಳಿದ ಮೇಲೆ ಪೂರ್ತಿ ಅರ್ಥವಾಯಿತು. “ಹಾಗಾದ್ರೆ ತಳ ಹಿಡಿಯದ ಹಾಗೆ ಕೈಯಾಡಿಸ್ತಾನೇ ಇರು ಕಣೋ” ಅಂದರು. ಯಾವ ಪುಸ್ತಕದಲ್ಲೂ ಇದಕ್ಕಿಂತ ಒಳ್ಳೆಯ ಸೂಚನೆ ಇಲ್ಲ.

ಒಂದು ಪಾಲು ಪಿಷ್ಟಕ್ಕೆ ನಾಲ್ಕು ಪಾಲು ಡಿಸ್ಟಿಲ್ಡ್ ನೀರು. ಸಣ್ಣ ಉರಿ, ಅರ್ಧ ಗಂಟೆ. ಬಿಳಿ ಹೋಗಿ ಗಾಜಿನಂತೆ ಆಗಬೇಕು. ಪೂರ್ತಿ ಆರಿದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಮೂರು ಸಲ ಒತ್ತಿ ತೆಗೆದೆ. ಬೇಕಾದಷ್ಟನ್ನು ಮಾತ್ರ ನೀರು ಬೆರೆಸಿ ಸಡಿಲ ಮಾಡಿಕೊಳ್ಳಬೇಕು.

ಕೋಜೋ ಕಾಗದವನ್ನು ಕತ್ತರಿಯಿಂದ ಕತ್ತರಿಸಬಾರದು. ಒದ್ದೆ ಕುಂಚದಿಂದ ಗೆರೆ ಎಳೆದು ಕೈಯಿಂದ ಬಿಡಿಸಬೇಕು. ಅಂಚಿನಲ್ಲಿ ನಾರುಗಳು ಹತ್ತಿಯ ಹಾಗೆ ಚಾಚಿಕೊಳ್ಳುತ್ತವೆ, ಅವೇ ಹಾಳೆಯನ್ನು ಹಿಡಿಯುವುದು.

ಹರಿದ ಅಂಚು ಒಂದು ಗೆರೆಯಲ್ಲ. ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ, ಹೆಂಚಿನ ಹಾಗೆ ಒಂದರ ಮೇಲೊಂದು ಕೂರುತ್ತವೆ. ಆ ಕ್ರಮ ತಪ್ಪಿದರೆ ನಡುವೆ ಬಿಳಿ ಗೆರೆ ಉಳಿಯುತ್ತದೆ. ಗಾಜಿನ ಹಲಗೆಯ ಮೇಲೆ ಹಾಳೆಯನ್ನು ಬೋರಲು ಹಾಕಿ, ಅಂಚುಗಳನ್ನು ಕೂರಿಸಿ, ಬೆನ್ನಿಗೆ ಕೋಜೋ ಪಟ್ಟಿ ಹಚ್ಚಿದೆ. ಮೊದಲ ಪಟ್ಟಿ ಕೆಟ್ಟಿತು. ಅಂಟು ನೀರಾಗಿತ್ತು. ಒಣಗಿದಾಗ ಹಾಳೆ ಹಪ್ಪಳದ ಹಾಗೆ ಏಳತೊಡಗಿತು. ತೇವ ಕೊಟ್ಟು ಬಿಡಿಸಿ ಮತ್ತೆ ಮಾಡಿದೆ. ಎರಡನೇ ಸಲ ಅಂಟು ಹಚ್ಚಿದ ಪಟ್ಟಿಯನ್ನು ಮೊದಲು ಬ್ಲಾಟಿಂಗ್ ಪೇಪರಿನ ಮೇಲೆ ಎರಡು ಮೂರು ಸೆಕೆಂಡು ಇಟ್ಟೆ. ಹೆಚ್ಚಿನ ನೀರು ಅಲ್ಲೇ ಇಳಿಯಿತು. ಆಮೇಲೆ ಹಾಳೆಗೆ ಹಚ್ಚಿದೆ. ಇಷ್ಟೇ ವ್ಯತ್ಯಾಸ. ಮೇಲೆ ಅಂಟಿಕೊಳ್ಳದ ಪಾಲಿಯೆಸ್ಟರ್ ಬಟ್ಟೆ, ಬ್ಲಾಟಿಂಗ್ ಪೇಪರ್, ಗಾಜು, ಗಾಜಿನ ಮೇಲೆ ಭಾರ. ಹತ್ತು ನಿಮಿಷಕ್ಕೆ ಬ್ಲಾಟಿಂಗ್ ಪೇಪರ್ ಬದಲಾಯಿಸಿದೆ, ಅರ್ಧ ಗಂಟೆಗೆ ಇನ್ನೊಮ್ಮೆ, ಆಮೇಲೆ ರಾತ್ರಿಯಿಡೀ ಬಿಟ್ಟೆ.

ಬೆಳಿಗ್ಗೆ ಎತ್ತಿ ನೋಡಿದಾಗ ಹರಕು ಎಲ್ಲಿತ್ತು ಅಂತ ಮುಂದಿನಿಂದ ಹುಡುಕಬೇಕಾಯಿತು.

ತುದಿ

ಈಗ ಉಳಿದದ್ದು ಆ ಹನ್ನೊಂದು ಮಿಲಿಮೀಟರ್ ತೂತು. ಅದಕ್ಕೆ ಅದೇ ದಪ್ಪದ ಕಾಗದ ಬೇಕು. ಎರಡು ಪದರ ಕೋಜೋ ಸೇರಿಸಿದರೆ ಸರಿಹೋಯಿತು. ತೂತಿನ ಮೇಲೆ ಪಾರದರ್ಶಕ ಹಾಳೆ ಇಟ್ಟು ಆಕಾರ ತೆಗೆದು, ಸೂಜಿಯಿಂದ ಸುತ್ತ ಚುಚ್ಚಿ ಬಿಡಿಸಿದೆ. ಬಣ್ಣ ಮೊದಲೇ ಹಾಕಿಕೊಳ್ಳಬೇಕು, ಅಂಟಿಸಿದ ಮೇಲೆ ಅಲ್ಲ, ಇಲ್ಲದಿದ್ದರೆ ಬಣ್ಣ ಮೂಲ ಹಾಳೆಗೆ ಹರಿಯುತ್ತದೆ. ಹಳೇ ಕಾಗದದ ಬಣ್ಣ ಬರಲಿ ಅಂತ ಚಹಾ ಡಿಕಾಕ್ಷನ್ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ, ಅದರಲ್ಲಿ ಆಮ್ಲ ಇದೆ. ಜಲವರ್ಣ ಸಾಕು.

ಯಾವ ಬಣ್ಣ ಅನ್ನುವುದು ಮನೆಯಲ್ಲಿ ಚರ್ಚೆಯಾಯಿತು. ಬಾಲದ ಮುಕ್ಕಾಲು ಭಾಗ ಇದೆ. ತುದಿ ಹೇಗೆ ಮುಗಿಯುತ್ತದೆ ಅಂತ ನನಗೆ ಗೊತ್ತು, ಟಿನಿಕಮ್‌ನಲ್ಲಿ ಕಣ್ಣಾರೆ ನೋಡಿ ಬಂದಿದ್ದೇನೆ. “ಗೊತ್ತಿದ್ರೆ ಬರೆದುಬಿಡು ಅಪ್ಪಾ” ಅಂದಳು ಮಗಳು. ಹೆಂಡತಿಯದು ಬೇರೆ ಮಾತು: “ಖಾಲಿ ಬಿಟ್ರೆ ಕಣ್ಣು ಅಲ್ಲಿಗೇ ಹೋಗತ್ತೆ ರೀ. ಏನಾದ್ರೂ ಬೇಕು.”

ಕೈ ತುರಿಸುತ್ತಿತ್ತು ನಿಜ. ಆದರೆ ತೇಪೆ ಹಾಕಿದವರೂ ತಮ್ಮ ಲೆಕ್ಕದಲ್ಲಿ ಗೊತ್ತಿದ್ದೇ ಬರೆದಿದ್ದರು. ನಾನು ನೋಡಿದ್ದು ಒಂದು ಮಸ್ಕ್‌ರಾಟನ್ನು. ಚಿತ್ರ ಬರೆದವರು ನೋಡಿದ್ದು ಇನ್ನೊಂದನ್ನು. ಅವರ ತುದಿ ಮೇಲಕ್ಕೆ ಬಾಗಿತ್ತೋ, ನೀರಿಗೆ ತಾಗಿತ್ತೋ, ಆ ಹಾಳೆಯ ಚೂರು ಹೋಗಿದೆ. ನಾನು ಬರೆದರೆ ಮುಂದೆ ನೋಡುವವರು ಅದನ್ನೂ 1850ರ ಕೈ ಅಂದುಕೊಳ್ಳುತ್ತಾರೆ. ಕೊನೆಗೆ ಹೆಂಡತಿಯ ಮಾತಿಗೂ ಬೆಲೆ ಕೊಟ್ಟು ಹೀಗೆ ಮಾಡಿದೆ. ತೂತು ತುಂಬುವ ಚೂರಿಗೆ ಬಾಲದ ಕಂದಿಗಿಂತ ಎರಡು ಪಟ್ಟು ತಿಳಿಯಾದ, ಸ್ವಲ್ಪ ಬೂದು ಬೆರೆತ ಒಂದೇ ಬಣ್ಣ. ಗೆರೆ ಇಲ್ಲ, ಹುರುಪೆ ಇಲ್ಲ, ಆಕಾರ ಇಲ್ಲ. ಮೂರು ಅಡಿ ದೂರದಿಂದ ಕಣ್ಣು ಎಡವುವುದಿಲ್ಲ. ಹತ್ತಿರ ಹೋದರೆ ಇಲ್ಲಿ ಹಾಳೆ ಇರಲಿಲ್ಲ ಅಂತ ತಿಳಿಯುತ್ತದೆ. ನನ್ನಿಂದ ಎದ್ದುಹೋದ ಆ ಮೂರು ಮಿಲಿಮೀಟರ್ ಬಣ್ಣವನ್ನೂ ಹಾಗೇ ಬಿಟ್ಟಿದ್ದೇನೆ.

ಹೊಸ ಮೌಂಟ್ ಬೋರ್ಡು ಶುದ್ಧ ಹತ್ತಿಯದು. ಹಾಳೆಯನ್ನು ಎರಡು ಸಣ್ಣ ಕೋಜೋ ಪಟ್ಟಿಗಳಿಂದ ಮೇಲಂಚಿನಲ್ಲಿ ಮಾತ್ರ ತೂಗುಹಾಕಿದೆ, ತೇವಕ್ಕೆ ಹಿಗ್ಗಲು ಕುಗ್ಗಲು ಜಾಗ ಇರಲಿ ಅಂತ. ಗಾಜು ಹಾಳೆಗೆ ತಾಕುವುದಿಲ್ಲ, ನೇರಳಾತೀತ ಬೆಳಕನ್ನು ತಡೆಯುವಂಥದ್ದು. ಆದರೂ ಬಿಸಿಲು ಬೀಳದ ಉತ್ತರದ ಗೋಡೆಗೇ ಹಾಕಿದ್ದೇನೆ.

ಆ ತೇಪೆಯನ್ನು ಎಸೆಯಲಿಲ್ಲ. ಅದನ್ನು ಹಾಕಿದವರು ಇಲ್ಲದಿದ್ದರೆ ಹರಕು ಇನ್ನೂ ಮುಂದೆ ಹೋಗಿ ಪ್ರಾಣಿಯ ಬೆನ್ನನ್ನೇ ಸೀಳುತ್ತಿತ್ತು. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಇಟ್ಟು, ಫ್ರೇಮಿನ ಹಿಂಬದಿಗೆ ಸಿಕ್ಕಿಸಿದೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ: ಹರಕು ಏಳು ಸೆಂ.ಮೀ., ಗೋಧಿ ಪಿಷ್ಟ ಮತ್ತು ಕೋಜೋ, ನೀರಿಗೆ ಬಿಡುತ್ತದೆ. ಬಾಲದ ತುದಿಯ ಚೂರು ಹೊಸದು. ಅದರ ಪಕ್ಕದ ಮೂರು ಮಿ.ಮೀ. ಬಣ್ಣ ನನ್ನ ಕೈಯಲ್ಲಿ ಹೋಯಿತು. ಹಳೇ ತೇಪೆ ಒಳಗಿದೆ, ಬಣ್ಣ ಅದರ ಅಡಿಯಲ್ಲಿದೆ.